ಹೆಸರಿನಿಂದ ಅಳಿದ ಗುರುಋಣ

ಕರಾಟೆ ಎಂದೊಡನೆ ನಮ್ಮವರಿಗೆ ನೆನಪಾಗುವುದು ಜಪಾನ್. ಆದರೆ ಈ ವಿದ್ಯೆಯ ಬೇರು ಹುಡುಕಿದರೆ ಓಕಿನಾವಾ ದ್ವೀಪವನ್ನೂ ದಾಟಿ, ದಕ್ಷಿಣ ಚೀನಾದ ಫುಝೌ ನಗರದವರೆಗೆ ಹೋಗಬೇಕಾಗುತ್ತದೆ.

19ನೇ ಶತಮಾನದ ಉತ್ತರಾರ್ಧದಲ್ಲಿ ಓಕಿನಾವಾದ ಹಿಗಾವೊನ್ನ ಕಾನ್ರ್ಯೊ ಕಡಲು ದಾಟಿ ಫುಝೌಗೆ ಹೋಗಿ ಅಲ್ಲಿನ ಗುರುಗಳಿಂದ ಕಲಿತು ಬಂದರು. 1897ರಲ್ಲಿ 20ರ ಹರೆಯದ ಉಯೆಚಿ ಕಾನ್‌ಬುನ್ ಅದೇ ಊರಿಗೆ ಹೊರಟರು. ಅವರು ಮರಳಿದ್ದು 1910ರಲ್ಲಿ. ಹಿಗಾವೊನ್ನರ ಶಿಷ್ಯ ಮಿಯಾಗಿ ಚೋಜುನ್ ಸಹ 1915ರಲ್ಲಿ ಗುರುವಿನ ಗುರುವನ್ನು ಅರಸಿ ಫುಝೌಗೆ ಹೋದರು.

ಈ ಋಣ ವಿದ್ಯೆಯ ಹೆಸರಿನಲ್ಲೇ ಇತ್ತು. 'ಚೀನಾದ ಕೈ' ಎಂಬ ಅರ್ಥದ ಅಕ್ಷರಗಳಲ್ಲಿ ಅದನ್ನು ಬರೆಯುತ್ತಿದ್ದರು. ಆದರೆ 1879ರಲ್ಲಿಯೇ ಓಕಿನಾವಾ ಜಪಾನಿನ ಪ್ರಾಂತವಾಗಿತ್ತು. 1930ರ ದಶಕದಲ್ಲಿ ಜಪಾನಿಗೂ ಚೀನಾಕ್ಕೂ ವೈರ ಬೆಳೆದಾಗ ಆ ಹೆಸರೇ ಮುಜುಗರ ತರತೊಡಗಿತು. 1936ರ ಅಕ್ಟೋಬರ್‌ನಲ್ಲಿ ಓಕಿನಾವಾದ ನಾಹಾ ನಗರದಲ್ಲಿ ಸಭೆ ಸೇರಿದ ಗುರುಗಳು 'ಬರಿಗೈ' ಎಂಬ ಅರ್ಥದ ಬರಹವನ್ನು ಒಪ್ಪಿಕೊಂಡರು. ಸಭೆಯಲ್ಲಿ ಮಿಯಾಗಿ ಅವರೂ ಇದ್ದರು. ಎರಡು ಬರಹಗಳಿಗೂ ಉಚ್ಚಾರಣೆ ಒಂದೇ. ಆದ್ದರಿಂದ ಕಿವಿಗೆ ಏನೂ ಬದಲಾಗಲಿಲ್ಲ. ಕಾಗದದ ಮೇಲೆ ಮಾತ್ರ ಚೀನಾ ಮಾಯವಾಯಿತು.

ವಿದ್ಯೆಯೊಳಗಿನ ಗುರುತು ಮಾತ್ರ ಅಷ್ಟು ಸುಲಭವಾಗಿ ಅಳಿಯಲಿಲ್ಲ. ಮಿಯಾಗಿ ಮತ್ತು ಉಯೆಚಿ ಇಬ್ಬರ ಪರಂಪರೆಗಳಲ್ಲೂ ಅಭ್ಯಾಸದ ಬುನಾದಿ 'ಸಾನ್‌ಚಿನ್'. 'ಮೂರು ಸಮರ' ಎಂಬ ಅರ್ಥದ ಇದೇ ಹೆಸರಿನ ವರಸೆ ಫುಝೌ ಸೀಮೆಯ ಶ್ವೇತ ಕೊಕ್ಕರೆ ಶೈಲಿಯಲ್ಲೂ ಇದೆ. ನೆಲಕ್ಕೆ ಕಚ್ಚಿದಂತೆ ಪಾದ ಊರಿ, ಉಸಿರನ್ನು ಹಿಡಿತದಲ್ಲಿಟ್ಟು ಮೆಲ್ಲನೆ ಹೆಜ್ಜೆಯಿಡುವ ಕರಾಟೆ ಕಲಿಯುವವರು, ತಮಗೆ ತಿಳಿಯದೆಯೇ ಕಡಲಾಚೆಯ ಆ ಗುರುಗಳ ಪಾಠವನ್ನು ಇಂದಿಗೂ ಒಪ್ಪಿಸುತ್ತಿದ್ದಾರೆ.