ಕರಾಚಿಯ ಗೋಡೆಬರಹ

ನಮ್ಮಲ್ಲಿ ಹೆಚ್ಚಿನವರು ಬಂದೂಕನ್ನು ಕೈಯಿಂದ ಮುಟ್ಟಿದವರಲ್ಲ. ಆದರೆ ನಮ್ಮ ಮನೆಗಳ ಹುಡುಗರು ಎಕೆ-47 ಯಾವುದು, ಎಂ-16 ಯಾವುದು ಎಂದು ನೋಡಿದ ಕೂಡಲೇ ಹೇಳಬಲ್ಲರು. ಈ ಪಾಠ ಅವರಿಗಾದದ್ದು ವಿಡಿಯೋ ಗೇಮುಗಳಿಂದ. ಹಾಗಾದರೆ ಗೇಮಿನ ಬಂದೂಕು ಎಷ್ಟು ನಿಜ?

ಆರಂಭದಲ್ಲಿ ಅದು ಅರೆಬರೆ ನಿಜವಾಗಿತ್ತು. 1997ರ ‘ಗೋಲ್ಡನ್‌ಐ 007’ ಗೇಮಿನಲ್ಲಿ ಎಕೆ-47ರ ರೂಪವೇನೋ ಇತ್ತು, ಹೆಸರು ಮಾತ್ರ ‘ಕೆಎಫ್7 ಸೋವಿಯತ್’. 1999ರಲ್ಲಿ ಮಿನ್ ಲೆ ಮತ್ತು ಜೆಸ್ ಕ್ಲಿಫ್ ಎಂಬಿಬ್ಬರು ಹವ್ಯಾಸಕ್ಕೆಂದು ರೂಪಿಸಿದ ‘ಕೌಂಟರ್-ಸ್ಟ್ರೈಕ್’ನಲ್ಲಿ ಅದೇ ಬಂದೂಕು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿತ್ತು, ಬಲಬದಿಯಲ್ಲಿರಬೇಕಾದ ಬೋಲ್ಟಿನ ಹಿಡಿ ಎಡಬದಿಗೆ ಬಂದಿತ್ತು.

2002ರಲ್ಲಿ ಅಮೆರಿಕದ ಸೇನೆಯೇ ‘ಅಮೆರಿಕಾಸ್ ಆರ್ಮಿ’ ಎಂಬ ಗೇಮನ್ನು ಪುಕ್ಕಟೆಯಾಗಿ ಹಂಚಿತು. ತರುಣರನ್ನು ಸೇನೆಯತ್ತ ಸೆಳೆಯುವುದೇ ಅದರ ಉದ್ದೇಶ. ಅಲ್ಲಿ ಬಂದೂಕು ನಡುವೆ ಜಾಮ್ ಕೂಡ ಆಗುತ್ತಿತ್ತು. ಆ ಗೇಮು 2022ರಲ್ಲಿ ನಿಂತುಹೋಯಿತು. ಈ ನಡುವೆ ಬಂದೂಕು ಕಂಪನಿಗಳಿಂದ ಹೆಸರಿನ ಪರವಾನಗಿ ಪಡೆಯುವ ವ್ಯವಹಾರವೂ ಬೆಳೆದಿತ್ತು. ಇನ್ನು ಮುಂದೆ ಅಂತಹ ಒಪ್ಪಂದಗಳನ್ನು ಮಾಡಿಕೊಳ್ಳುವುದಿಲ್ಲವೆಂದು ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ 2013ರಲ್ಲಿ ಹೇಳಿತು. ಆದರೆ ಬಂದೂಕುಗಳನ್ನು ತೋರಿಸುವುದನ್ನು ಬಿಡುತ್ತೇವೆಂದು ಹೇಳಲಿಲ್ಲ.

ಇಂದು ಆಕಾರ, ಸದ್ದು, ಮ್ಯಾಗಜಿನ್ ಬದಲಿಸುವ ರೀತಿ ಎಲ್ಲವೂ ಅಸಲಿಗೆ ಬಹಳ ಹತ್ತಿರ ಬಂದಿವೆ. ಆದರೂ ಗೇಮಿನಲ್ಲಿ ಬಾರದೇ ಉಳಿದದ್ದು ಬಹಳಷ್ಟಿದೆ. ಗುಂಡು ತುಂಬಿದ ಎಕೆ-47 4 ಕಿಲೋಗಿಂತ ಹೆಚ್ಚು ತೂಗುತ್ತದೆ. ಆ ಭಾರ ಹುಡುಗನ ತೋಳಿಗೆ ತಿಳಿಯುವುದಿಲ್ಲ. ನಿಜವಾದ ಗುಂಡಿನ ಸದ್ದು ಕಿವಿಯನ್ನು ಶಾಶ್ವತವಾಗಿ ಕೆಡಿಸಬಲ್ಲದು. ಗೇಮಿನ ಸದ್ದನ್ನು ಗುಂಡಿಯೊತ್ತಿ ತಗ್ಗಿಸಬಹುದು. 2005ರ ‘ಕಾಲ್ ಆಫ್ ಡ್ಯೂಟಿ 2’ರಿಂದೀಚೆಗೆ ಆ ಸರಣಿಯ ಅನೇಕ ಗೇಮುಗಳಲ್ಲಿ ಗುಂಡು ತಿಂದವನು ಗೋಡೆಯ ಮರೆಯಲ್ಲಿ ಕೆಲವು ಸೆಕೆಂಡು ನಿಂತರೆ ಸಾಕು, ಮೈ ವಾಸಿಯಾಗುತ್ತದೆ. ಬಂದೂಕು ನಿಜ, ಗಾಯ ಸುಳ್ಳು.

ಗಾಯ ಮಾತ್ರವಲ್ಲ, ಗಾಯಗೊಳ್ಳುವವರ ಊರೂ ಸುಳ್ಳಾಗುವುದುಂಟು. ಇದೇ ಸರಣಿಯ 2009ರ ‘ಮಾಡರ್ನ್ ವಾರ್‌ಫೇರ್ 2’ರಲ್ಲಿ ಕರಾಚಿ ನಗರ ಒಂದು ರಣರಂಗ. ಅಲ್ಲಿನ ಬೀದಿಯ ಫಲಕಗಳಲ್ಲಿ ಇದ್ದದ್ದು ಉರ್ದು ಅಲ್ಲ, ಅರಬಿ. ಉರ್ದುವಿನ ಪೇ, ಟೇ, ಚೇ, ಗಾಫ್ ಅಕ್ಷರಗಳು ಅರಬಿ ವರ್ಣಮಾಲೆಯಲ್ಲಿಲ್ಲ ಎಂಬುದು ನಮ್ಮ ಉರ್ದು ಶಾಲೆಯ ಮೊದಲ ತರಗತಿಯ ಮಗುವಿಗೂ ಗೊತ್ತು. ಬಂದೂಕಿನ ಒಂದೊಂದು ಬಿಡಿಭಾಗವನ್ನೂ ಅಷ್ಟು ಶ್ರದ್ಧೆಯಿಂದ ಗಮನಿಸಿದವರಿಗೆ ಕೋಟ್ಯಂತರ ಜನರಿರುವ ಒಂದು ನಗರ ಯಾವ ಭಾಷೆಯನ್ನು ಬರೆಯುತ್ತದೆಂದು ವಿಚಾರಿಸುವ ವ್ಯವಧಾನ ಇರಲಿಲ್ಲ.

ಗೇಮು ಆಡಿದ ಮಾತ್ರಕ್ಕೆ ಹುಡುಗರು ಕೊಲೆಗಾರರಾಗುತ್ತಾರೆಂದು ನಾವು ಹೇಳುತ್ತಿಲ್ಲ. ನಮ್ಮ ಆತಂಕವೇ ಬೇರೆ. ಬಂದೂಕನ್ನು ಹೆಸರು ಹಿಡಿದು ಗುರುತಿಸುವ ಮಗು, ಅದರ ನಳಿಕೆಯ ಎದುರು ನಿಂತವನ ಹೆಸರು, ಊರು, ಭಾಷೆ ಯಾವುದನ್ನೂ ತಿಳಿಯದೆ ಬೆಳೆಯುತ್ತದೆ. ಪರದೆಯ ಬಂದೂಕು ನಿಜವಾಗುತ್ತಾ ಹೋದಂತೆ ಮನುಷ್ಯನೂ ನಿಜವಾಗಬೇಕಿತ್ತಲ್ಲವೇ? ಮಕ್ಕಳ ಪಕ್ಕದಲ್ಲಿ ಒಮ್ಮೆ ಕುಳಿತು, ಆ ಗೋಡೆಬರಹವನ್ನು ತೋರಿಸಿ ಈ ಮಾತನ್ನು ಕೇಳುವ ಕೆಲಸವನ್ನಾದರೂ ನಾವು ಮಾಡಬಹುದು.