ಜಗದ್ಗುರು ಎನಿಸಿಕೊಂಡ ಸುಲ್ತಾನ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಈ ಎರಡು ನದಿಗಳ ನಡುವಣ ನಾಡೇ ಇತಿಹಾಸದಲ್ಲಿ ರಾಯಚೂರು ದೋಆಬ್ ಎಂದು ಹೆಸರಾದುದು. ಕೃಷ್ಣೆಯ ಕಡೆಯ ದೇವದುರ್ಗ, ತುಂಗಭದ್ರೆಯ ಕಡೆಯ ಮಾನ್ವಿ, ಮೂಡಲಿಗೆ ನಮ್ಮ ರಾಯಚೂರು ಎಲ್ಲವೂ ಈ ನಾಡಿನೊಳಗಿನವು. ಈ ನೆಲಕ್ಕಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ಬಿಜಾಪುರದ ಆದಿಲ್‌ಶಾಹಿಗಳೂ ತಲೆತಲಾಂತರವಾಗಿ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಮುತ್ತಿದಾಗ ಕ್ರಿಸ್ತೋವಾವ್ ದ ಫಿಗೈರೆದೊ ಎಂಬ ಪೋರ್ಚುಗೀಸನು ತನ್ನ ಕೋವಿಕಾರರೊಡನೆ ರಾಯನ ಪಕ್ಷದಲ್ಲಿ ನಿಂತು ಹೋರಾಡಿದನೆಂದು ನೂನಿಜ್ ಬರೆದಿಟ್ಟಿದ್ದಾನೆ. ಈ ಕೋಟೆಯ ಚರಿತ್ರೆಯಲ್ಲಿ ಹೆಸರು ಹಿಡಿದು ಹೇಳಬಹುದಾದ ಈ ಹಳೆಯ ಕ್ರೈಸ್ತನು ಶಿಲುಬೆಯನ್ನು ಹೊತ್ತು ಬಂದವನಲ್ಲ, ಕೋವಿಯನ್ನು ಹೊತ್ತು ಬಂದವನು. ಶತಮಾನೋತ್ಸವದ ಸಂತೋಷದಲ್ಲಿ ನಾವು ಇದನ್ನೂ ಮರೆಯಬಾರದು.

ಆದರೆ ನಮ್ಮ ಜಿಲ್ಲೆಯಲ್ಲಿ ಶ್ರೀಸಭೆಯ ಬೇರು ಕೋವಿಯಿಂದ ಇಳಿದುದಲ್ಲ. ಮುದಗಲ್ಲಿನ ಕಥೋಲಿಕ ಸಮುದಾಯವು ಆದಿಲ್‌ಶಾಹಿಗಳ ಕಾಲಕ್ಕೆ ಸೇರಿದ ಪ್ರಾಚೀನ ಸಮುದಾಯವೆಂದು ಹಳೆಯ ಗೆಜೆಟಿಯರುಗಳು ದಾಖಲಿಸಿವೆ. ಗೋವೆಯಿಂದ ಬಂದ ಗುರುಗಳು ಅಲ್ಲಿ ಸುವಾರ್ತೆಯನ್ನು ಬಿತ್ತಿದರು. ಅಂದರೆ ಮುಸಲ್ಮಾನ ದೊರೆಗಳ ಆಳ್ವಿಕೆಯಲ್ಲಿ, ಹಿಂದೂ ನೆರೆಹೊರೆಯವರ ನಡುವೆ, ಕೈಯಲ್ಲಿ ಯಾವ ಅಧಿಕಾರವೂ ಇಲ್ಲದ ಒಂದು ಚಿಕ್ಕ ಹಿಂಡು ತಲೆಮಾರುಗಳ ಕಾಲ ತನ್ನ ವಿಶ್ವಾಸವನ್ನು ಉಳಿಸಿಕೊಂಡು ಬಂದಿತು. ಆ ದೊರೆಗಳು ಎಂಥವರು ಎಂಬ ಪ್ರಶ್ನೆ ಆದುದರಿಂದ ನಮಗೆ ಹೊರಗಿನದಲ್ಲ.

ಅವರೊಳಗೆ ಅತ್ಯಂತ ಪ್ರಸಿದ್ಧನೂ ಅತ್ಯಂತ ವಿವಾದಾಸ್ಪದನೂ ಆದವನು ಎರಡನೆಯ ಇಬ್ರಾಹಿಂ ಆದಿಲ್‌ಶಾಹ. ಇವನ ದೊಡ್ಡಪ್ಪನಾದ ಒಂದನೆಯ ಅಲಿ ಆದಿಲ್‌ಶಾಹನು ಶಿಯಾ ಪಂಥದವನು. ಗೋವೆಯಿಂದ ಕ್ರೈಸ್ತ ಗುರುಗಳನ್ನು ಕರೆಸಿಕೊಂಡು ಧರ್ಮಚರ್ಚೆಯನ್ನು ಆಲಿಸಿದವನು. ಅದೇ ಅಲಿಯು 1565ರಲ್ಲಿ ವಿಜಯನಗರವನ್ನು ಕೆಡವಿದ ಕೂಟದಲ್ಲಿ ಸೇರಿದನು. 1570ರಲ್ಲಿ ಗೋವೆಯನ್ನೂ ಮುತ್ತಿದನು. 1580ರಲ್ಲಿ ಅವನು ಕೊಲೆಯಾಗಲು ಸುಮಾರು ಒಂಬತ್ತು ವರ್ಷದ ಬಾಲಕ ಇಬ್ರಾಹಿಮನು ಪಟ್ಟಕ್ಕೆ ಬಂದನು. ಚಾಂದ್‌ಬೀಬಿ ಅವನನ್ನು ಸಾಕಿದಳು. ರಾಜಪ್ರತಿನಿಧಿಗಳು ಒಬ್ಬರಾದ ಮೇಲೊಬ್ಬರು ರಾಜ್ಯವನ್ನು ನಡೆಸಿದರು. ಅವರಲ್ಲಿ ದಿಲಾವರ್ ಖಾನನು ರಾಜ್ಯದ ಮತವನ್ನು ಶಿಯಾದಿಂದ ಸುನ್ನಿಗೆ ತಿರುಗಿಸಿದನು. ಹೀಗೆ ಬಾಲಕ ದೊರೆಯ ಮತವನ್ನು ಅವನಿಗಿಂತ ಮೊದಲು ಇತರರು ನಿಶ್ಚಯಿಸಿದ್ದರು.

ಪ್ರಾಯಕ್ಕೆ ಬಂದ ಇಬ್ರಾಹಿಮನು ಮಾತ್ರ ಯಾರ ಅಳತೆಗೂ ಸಿಕ್ಕದೆ ಬೆಳೆದನು. ಅವನು ದಖ್ಖನಿ ಭಾಷೆಯಲ್ಲಿ ರಚಿಸಿದ ‘ಕಿತಾಬ್-ಎ-ನವರಸ್’ ಎಂಬ ಗೀತಸಂಕಲನದಲ್ಲಿ ಸರಸ್ವತಿ ಗಣಪತಿಯರ ಸ್ತುತಿಯುಂಟು. ಪ್ರವಾದಿಯ ಸ್ತುತಿಯೂ ಕಲಬುರಗಿಯ ಬಂದೇನವಾಜ್ ಗೇಸೂದರಾಜರ ಸ್ತುತಿಯೂ ಉಂಟು. ಅವನ ಕಾಲದ ಕೆಲವು ಚಿತ್ರಗಳಲ್ಲಿ ಅವನ ಕೊರಳಲ್ಲಿ ರುದ್ರಾಕ್ಷಿ ಮಾಲೆ ಕಾಣುತ್ತದೆ. 1599ರಲ್ಲಿ ಬಿಜಾಪುರದ ಬಳಿ ನವರಸಪುರವೆಂಬ ಹೊಸ ಪಟ್ಟಣವನ್ನೇ ಕಟ್ಟತೊಡಗಿದನು. ಪ್ರಜೆಗಳು ಅವನನ್ನು ಜಗದ್ಗುರು ಎಂದರು. ನಮ್ಮ ನಾಡಿನಲ್ಲಿ ಈ ಪದದ ತೂಕ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. ಮಠಾಧೀಶರಿಗೆ ಸಲ್ಲುವ ಪದವಿದು. ಕನ್ನಡ ಕಥೋಲಿಕರಾದ ನಾವು ರೋಮಿನ ಪೋಪರನ್ನು ಕರೆಯುವ ಹೆಸರೂ ಇದೇ.

ಹಾಗಾದರೆ ಅವನ ವಿಶ್ವಾಸವೇನು? ಹಿಂದೂಗಳಲ್ಲಿ ಅನೇಕರು, ಅವನು ಒಳಗಿನಿಂದ ನಮ್ಮವನೇ ಆಗಿದ್ದನೆಂದರು. ಕಟ್ಟುನಿಟ್ಟಿನ ಮುಸಲ್ಮಾನರಿಗೆ ಅವನ ಆಸ್ಥಾನದ ನಡೆ ಸಹಿಸಲಿಲ್ಲ. ಶಾಸ್ತ್ರನಿಷ್ಠೆಗಾಗಿ ವಾದಿಸಿದ ಶಾಹ್ ಸಿಬ್ಗತುಲ್ಲಾ ಎಂಬ ಸೂಫಿಯು ಬಿಜಾಪುರವನ್ನು ಬಿಟ್ಟು ಅರೇಬಿಯಕ್ಕೆ ಹೋಗಿ ನೆಲೆಸಿದನು. ಆದರೆ 1627ರಲ್ಲಿ ತೀರಿಕೊಂಡ ದೊರೆಯು ಮಲಗಿರುವ ಇಬ್ರಾಹಿಂ ರೋಜಾವನ್ನು ನೋಡಿರಿ. ಅದರ ಗೋಡೆಗಳ ತುಂಬ ಕುರಾನಿನ ಅಕ್ಷರಗಳೇ ಕೆತ್ತಲ್ಪಟ್ಟಿವೆ. ಇನ್ನು ಅವನು ದೋಷರಹಿತನೂ ಅಲ್ಲ. ತನ್ನನ್ನು ಅಂಕೆಯಲ್ಲಿಟ್ಟಿದ್ದ ದಿಲಾವರ್ ಖಾನನ ಕಣ್ಣು ಕೀಳಿಸಿದನು. ದಂಗೆಯೆದ್ದ ತಮ್ಮ ಇಸ್ಮಾಯಿಲನನ್ನು ಕೊಲ್ಲಿಸಿದನು. ವೀಣೆಯನ್ನು ಮೆಚ್ಚಿದ ಕೈ ರಕ್ತವನ್ನೂ ಕಂಡಿತ್ತು.

ಇಂಥ ಒಗಟು ನಮ್ಮ ನಾಡಿಗೆ ಮಾತ್ರ ಸೇರಿದುದಲ್ಲ. ಇಬ್ರಾಹಿಮನ ಸಮಕಾಲೀನನಾದ ಒಬ್ಬ ಪ್ರಾಟೆಸ್ಟೆಂಟ್ ದೊರೆಯನ್ನು ಅವನ ಪಕ್ಕದಲ್ಲಿಟ್ಟು ನೋಡಬಹುದು. ಅವನೇ ಇಂಗ್ಲೆಂಡಿನ ಒಂದನೆಯ ಜೇಮ್ಸ್. ಅವನ ತಾಯಿ ಮೇರಿ ಕಥೋಲಿಕಳು. 1566ರಲ್ಲಿ ಮಗುವಿಗೆ ಕಥೋಲಿಕ ವಿಧಿಯಂತೆಯೇ ಜ್ಞಾನಸ್ನಾನವಾಯಿತು. ಹದಿಮೂರು ತಿಂಗಳಿಗೇ ಸ್ಕಾಟ್ಲೆಂಡಿನ ಪಟ್ಟ ದೊರೆಯಿತು. ರಾಜಪ್ರತಿನಿಧಿಗಳ ಕೈಯಲ್ಲಿ, ಪ್ರಾಟೆಸ್ಟೆಂಟ್ ಪಂಡಿತರ ಪಾಠದಲ್ಲಿ ಬೆಳೆದನು. ಇಬ್ರಾಹಿಮನಂತೆ ಅವನೂ ಗ್ರಂಥಕರ್ತ. 1603ರಲ್ಲಿ ಇಂಗ್ಲೆಂಡಿನ ಸಿಂಹಾಸನವೂ ಅವನದಾಯಿತು. 1611ರಲ್ಲಿ ಪ್ರಕಟವಾದ ಇಂಗ್ಲಿಷ್ ಬೈಬಲ್ ಅನುವಾದಕ್ಕೆ ಅಪ್ಪಣೆ ಕೊಟ್ಟವನು ಅವನೇ. ಪ್ರಾಟೆಸ್ಟೆಂಟರು ಅದಕ್ಕಾಗಿ ಅವನನ್ನು ಹರಸಿದರು. ಅವರಲ್ಲೇ ಕಟ್ಟಾ ಸುಧಾರಕರಾದ ಪ್ಯೂರಿಟನ್ನರು, ಮಗನಿಗೆ ಸ್ಪೇನಿನ ಕಥೋಲಿಕ ರಾಜಕುಮಾರಿಯನ್ನು ತರಲು ಹೊರಟನೆಂದು ಅವನನ್ನು ಸಂಶಯಿಸಿದರು.

ನಮ್ಮ ಪಾಲಿಗಂತೂ ಅವನು ಪೀಡಕ. ಸೆಮಿನರಿಯಲ್ಲಿ ನಾವು ಅವನ ಹೆಸರನ್ನು ಕೇಳಿದುದು ಸಂತ ರಾಬರ್ಟ್ ಬೆಲ್ಲಾರ್ಮಿನರ ಎದುರಾಳಿಯೆಂದು ಮಾತ್ರ. 1606ರಲ್ಲಿ ಅವನು ವಿಧಿಸಿದ ರಾಜನಿಷ್ಠೆಯ ಪ್ರಮಾಣವಚನವು ಕಥೋಲಿಕರ ಅಂತಃಸಾಕ್ಷಿಯನ್ನು ಹಿಂಡಿತು. 1615ರಲ್ಲಿ ಜೆಸ್ವಿಟ್ ಗುರು ಸಂತ ಜಾನ್ ಓಗಿಲ್ವಿಯವರನ್ನು ಗ್ಲಾಸ್ಗೋ ನಗರದಲ್ಲಿ ಗಲ್ಲಿಗೇರಿಸಿದುದು ಅವನ ಆಳ್ವಿಕೆಯಲ್ಲೇ. ಆದರೆ ನ್ಯಾಯವಾಗಿ ಹೇಳುವುದಾದರೆ, ಆ ಪ್ರಮಾಣವಚನ ಬಂದುದು 1605ರ ನವೆಂಬರಿನಲ್ಲಿ ಕೆಲವು ಕಥೋಲಿಕರು ಪಾರ್ಲಿಮೆಂಟನ್ನು ಮದ್ದಿಟ್ಟು ಹಾರಿಸಲು ಹೂಡಿದ ಸಂಚಿನ ಬೆನ್ನಿಗೆ. ಪಾಪ ಒಂದೇ ಪಕ್ಷದಲ್ಲಿರಲಿಲ್ಲ.

ಈ ಇಬ್ಬರು ದೊರೆಗಳನ್ನು ಜೊತೆಗಿಟ್ಟಾಗ ನಮಗೊಂದು ಪಾಠ ದೊರೆಯುತ್ತದೆ. ಇಬ್ಬರ ವಿಶ್ವಾಸವನ್ನೂ ಪ್ರತಿಯೊಂದು ಪಂಗಡವು ತನ್ನ ಲಾಭಕ್ಕೆ ತಕ್ಕಂತೆ ಓದಿತು. ದೊರೆಯ ಅಂತರಂಗದಲ್ಲಿ ಏನಿತ್ತು ಎಂಬುದು ದೇವರಿಗೆ ಗೊತ್ತು. ಆದರೆ ಅವನ ರಾಜ್ಯದಲ್ಲಿ ಅನ್ಯ ವಿಶ್ವಾಸದವನ ಪಾಡೇನಾಗಿತ್ತು ಎಂಬುದನ್ನು ಚರಿತ್ರೆಯಿಂದ ನಾವು ತಿಳಿಯಬಹುದು. ಲಂಡನ್ನಿನಲ್ಲಿ ಕ್ರೈಸ್ತನು ಕ್ರೈಸ್ತನಿಗೆ ನೇಣು ಬಿಗಿಯುತ್ತಿದ್ದ ಕಾಲದಲ್ಲಿ, 1560ರಿಂದ ಗೋವೆಯಲ್ಲಿ ನಮ್ಮವರೇ ನಡೆಸಿದ ಇನ್‌ಕ್ವಿಸಿಷನ್ ನ್ಯಾಯಾಲಯವು ಜನರ ಅಂತಃಸಾಕ್ಷಿಯನ್ನು ವಿಚಾರಣೆಗೆ ಎಳೆಯುತ್ತಿದ್ದ ಕಾಲದಲ್ಲಿ, ಬಿಜಾಪುರದ ಸುಲ್ತಾನನ ಗಡಿಯೊಳಗೆ ನಮ್ಮ ಚಿಕ್ಕ ಹಿಂಡು ಜಪಸರ ಹಿಡಿದು ಬಾಳಿತು. ಇದನ್ನು ಬರೆಯುವಾಗ ಗುರುವಾದ ನನ್ನ ಲೇಖನಿ ತಡವರಿಸುತ್ತದೆ. ಆದರೂ ಸತ್ಯವನ್ನು ಬರೆಯದ ಶತಮಾನೋತ್ಸವ ಸಂಚಿಕೆಯಿಂದ ಪ್ರಯೋಜನವೇನು?

ಹೀಗೆಂದು ಇಬ್ರಾಹಿಮನನ್ನು ‘ಗುಪ್ತ ಕ್ರೈಸ್ತ’ನೆಂದು ಹೊಗಳುವ ಆಸೆಯೂ ನಮಗೆ ಬೇಡ. ಪವಿತ್ರಗ್ರಂಥವೇ ನಮಗೆ ದಾರಿ ತೋರಿದೆ. ಸೆರೆಯಲ್ಲಿದ್ದ ಯೆಹೂದ್ಯರನ್ನು ಬಿಡುಗಡೆ ಮಾಡಿ, ಜೆರುಸಲೇಮಿನ ದೇವಾಲಯವನ್ನು ಮತ್ತೆ ಕಟ್ಟಲು ಬಿಟ್ಟ ಪರ್ಶಿಯದ ಅರಸ ಸೈರಸನನ್ನು ಪ್ರವಾದಿ ಯೆಶಾಯನ ಗ್ರಂಥವು ದೇವರ ಅಭಿಷಿಕ್ತನೆಂದೇ ಕರೆಯುತ್ತದೆ. ಆದರೆ 1879ರಲ್ಲಿ ಬಾಬಿಲೋನಿನಲ್ಲಿ ಸಿಕ್ಕ ಜೇಡಿಮಣ್ಣಿನ ಲೇಖದಲ್ಲಿ ಸೈರಸನು ತನ್ನ ಜಯವನ್ನು ಮರ್ದೂಕ್ ದೇವನಿಗೆ ಸಮರ್ಪಿಸುತ್ತಾನೆ. ಅವನು ಯೆಹೂದ್ಯನಾಗಲಿಲ್ಲ, ಪ್ರವಾದಿಯೂ ಅವನನ್ನು ಯೆಹೂದ್ಯನೆಂದು ಹೇಳಲಿಲ್ಲ. ಅವನ ಉಪಕಾರವನ್ನು ಸ್ಮರಿಸಿ ದೇವರಿಗೆ ವಂದನೆ ಸಲ್ಲಿಸಿದನು. ಎರಡನೆಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಅನ್ಯಧರ್ಮೀಯರ ಕುರಿತೂ ಧರ್ಮಸ್ವಾತಂತ್ರ್ಯದ ಕುರಿತೂ ಹೊರಡಿಸಿದ ಘೋಷಣೆಗಳಲ್ಲಿ ಗೌರವದ ಈ ದಾರಿಯನ್ನೇ ಹಿಡಿಯಿತು.

ಪ್ರಿಯ ಭಕ್ತಾದಿಗಳೇ, ರಾಯಚೂರಿನಲ್ಲಾಗಲಿ ದೇವದುರ್ಗ ಮಾನ್ವಿಗಳ ಹಳ್ಳಿಗಳಲ್ಲಾಗಲಿ ನಾವು ಇಂದಿಗೂ ಬೆರಳೆಣಿಕೆಯ ಮನೆಗಳವರು. ಇಂದಿಗೂ ಮುದಗಲ್ಲಿನ ಮೊಹರಮ್ಮಿಗೆ ಹಿಂದೂ ಮುಸಲ್ಮಾನರು ಒಟ್ಟಾಗಿ ಸೇರುತ್ತಾರೆ. ಮಾನ್ವಿಯಲ್ಲಿ ಹರಿದಾಸ ಜಗನ್ನಾಥದಾಸರ ನೆನಪು ಹಸಿರಾಗಿದೆ. ಇಂಥ ನೆರೆಯಲ್ಲಿ ನಮ್ಮ ಬಾಳು ಸಾಗಿದೆ. ನೂರು ವರ್ಷಗಳ ಈ ದೇವಾಲಯದ ಗಂಟೆಯನ್ನು ಕೇಳುವ ನೆರೆಯವನು ನಮ್ಮ ಅಂತರಂಗದ ವಿಶ್ವಾಸವನ್ನು ಕಾಣಲಾರ. ಅವನಿಗೆ ಕಾಣುವುದು ನಮ್ಮ ನಡೆ. ಸುಲ್ತಾನನನ್ನು ನಾವು ತೂಗುವ ತಕ್ಕಡಿಯಲ್ಲೇ ನಮ್ಮನ್ನೂ ನೆರೆಯವರು ತೂಗುತ್ತಾರೆ. ಆ ತೂಕದಲ್ಲಿ ನಾವು ಕಡಮೆಯಾಗದಂತೆ ಪ್ರಭು ಯೇಸುಕ್ರಿಸ್ತರು ನಮ್ಮನ್ನು ನಡೆಸಲಿ.