ಹಲವು ಸಂಘ, ಒಂದು ಸಮಯ

ಬಬಲೇಶ್ವರ ಸೀಮೆಯ ಜೈನಾಪುರದಿಂದ ಹೊರಟು, ಕೃಷ್ಣೆಯನ್ನು ದಾಟಿ ದಕ್ಷಿಣಕ್ಕೆ ನಡೆದವರಿಗೆ ಮಲಪ್ರಭೆಯ ದಂಡೆಯಲ್ಲಿ ಐಹೊಳೆ ಸಿಗುತ್ತದೆ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವವರೆಗೆ ಅದೂ ವಿಜಾಪುರ ಜಿಲ್ಲೆಯ ಊರೇ. ಐಹೊಳೆಯ ಗುಡಿಗಳನ್ನು ಎಲ್ಲರೂ ಬಲ್ಲರು. ಆದರೆ ಕಡಲಾಚೆಗೂ ಹಬ್ಬಿದ ವರ್ತಕರ ಬಳಗವೊಂದಕ್ಕೆ ಹೆಸರು ಕೊಟ್ಟ ಊರು ಅದೆಂಬುದನ್ನು ಬಲ್ಲವರು ವಿರಳ. ಅಯ್ಯಾವೊಳೆಯ ಐನೂರ್ವರು ಎಂದು ಶಾಸನಗಳು ಕೊಂಡಾಡುವುದು ಇವರನ್ನೇ.

ಐನೂರ್ವರೆಂದರೆ ಒಬ್ಬ ಯಜಮಾನನ ಆಜ್ಞೆಯಲ್ಲಿ ನಡೆದ ಒಂದೇ ಸಂಸ್ಥೆಯೆಂದು ಭಾವಿಸುವುದು ಸರಿಯಲ್ಲ. ಶಾಸನಗಳಲ್ಲಿ ಅವರ ಜೊತೆಜೊತೆಗೇ ಪಟ್ಟಣದ ನಖರಗಳು, ಮುಮ್ಮುರಿದಂಡಗಳು, ನಾನಾದೇಸಿಗಳು, ಎಣ್ಣೆಯ ತೆಲ್ಲಿಗರು ಕಾಣಿಸಿಕೊಳ್ಳುತ್ತಾರೆ. ಪ್ರತಿಯೊಂದು ಸಂಘಕ್ಕೂ ತನ್ನದೇ ಹೆಸರು, ತನ್ನದೇ ಕಸುಬು. ಇವರನ್ನು ಕೂಡಿಸಿದ ಕಟ್ಟಿಗೆ ಅಂದಿನ ಕನ್ನಡದಲ್ಲಿ 'ಸಮಯ' ಎಂದು ಹೆಸರು. ಅಂದರೆ ಎಲ್ಲರೂ ಒಪ್ಪಿ ನಡೆಯುವ ಕಟ್ಟಳೆ.

ಈ ಕಟ್ಟಳೆ ಹೇಗೆ ನಡೆಯಿತೆಂಬುದಕ್ಕೆ 1204ರ ಬೆಳಗಾವಿಯ ಶಾಸನ ಒಳ್ಳೆಯ ಸಾಕ್ಷಿ. ರಟ್ಟರ ನಾಲ್ವಡಿ ಕಾರ್ತವೀರ್ಯನ ಕಾಲದಲ್ಲಿ, ರಟ್ಟ ಜಿನಾಲಯಕ್ಕಾಗಿ, ಕುಂಡಿ ನಾಡಿನ ವರ್ತಕರೊಡನೆ ಲಾಟದವರೂ ಮಲಯಾಳದವರೂ ಕೂಡಿದರು. ಅಕ್ಕಸಾಲೆಗಳು, ಬಟ್ಟೆಯ ವ್ಯಾಪಾರಿಗಳು, ಎಣ್ಣೆಯವರು ಸಹ ಅಲ್ಲಿದ್ದರು. ತಾವು ಮಾರುವ ಸರಕಿನ ಮೇಲೆ ಇಂತಿಷ್ಟು ಆಯವೆಂದು ಒಪ್ಪಿ, ಅದನ್ನು ಕಲ್ಲಿನಲ್ಲಿ ಬರೆಸಿದರು. ಭಾಷೆ, ನಾಡು, ಕಸುಬು ಬೇರೆಯಾದವರು ಒಂದೇ ಲೆಕ್ಕಕ್ಕೆ ತಲೆಬಾಗಿದ್ದು ಸಾಮಾನ್ಯ ಸಂಗತಿಯಲ್ಲ.

ಇದಕ್ಕೂ ನೂರಕ್ಕೆ ಮೇಲ್ಪಟ್ಟು ವರ್ಷ ಹಿಂದೆ, 1088ರಲ್ಲಿ, ಕರ್ಪೂರಕ್ಕೆ ಹೆಸರಾದ ಸುಮಾತ್ರಾದ ಬಾರುಸ್ ರೇವಿನಲ್ಲಿ ಐನೂರ್ವರ ಹೆಸರಿನ ತಮಿಳು ಶಾಸನವೊಂದು ನಿಂತಿತು. ಹಡಗಿನವರು ಕಸ್ತೂರಿಯ ಬೆಲೆಗೆ ಹೊಂದಿಸಿದ ಚಿನ್ನವನ್ನು ತೆತ್ತು, ಹಾಸಿದ ಬಟ್ಟೆಯ ಮೇಲೆ ಕಾಲಿಡಬೇಕೆಂದು ಅದರ ವಿಧಿ. ಊರು ಬೇರೆ, ನುಡಿ ಬೇರೆ. ಪದ್ಧತಿಯ ತಿರುಳು ಮಾತ್ರ ಒಂದೇ.

ಶ್ರೋತೃಗಳೇ, ಹೊಸತೆಂದರೆ ಹೊಸ ಯಂತ್ರವೇ ಆಗಬೇಕಾಗಿಲ್ಲ. ದೂರದ ವರ್ತಕನಿಗೆ ಸರಕು ಗೊತ್ತು, ಸಂತೆ ಗೊತ್ತಿಲ್ಲ. ಊರಿನ ನಖರಕ್ಕೆ ಸಂತೆ ಗೊತ್ತು, ಸಮುದ್ರ ಗೊತ್ತಿಲ್ಲ. ಈ ಎರಡು ಅರಿವುಗಳನ್ನು ಬೆಸೆದ ಒಪ್ಪಂದವೇ ಆ ಕಾಲದ ಹೊಸ ಶೋಧ. ಆದರೆ ಅದರ ಇನ್ನೊಂದು ಮುಖವನ್ನೂ ಮರೆಯಲಾಗದು. ದರವನ್ನು ಕೂಡಿ ನಿಗದಿ ಮಾಡುವವರು ಹೊರಗಿನ ಬಡ ವ್ಯಾಪಾರಿಯನ್ನು ಕೂಡಿಯೇ ಹೊರಗಿಡಲೂ ಬಲ್ಲರು. ಒಗ್ಗಟ್ಟು ದಾರಿಯೂ ಆಗುತ್ತದೆ, ಬೇಲಿಯೂ ಆಗುತ್ತದೆ.

ಇಂದು ತಿಕೋಟಾ, ಬಬಲೇಶ್ವರದ ಸುತ್ತ ದ್ರಾಕ್ಷಿ ಬೆಳೆಯುತ್ತದೆ, ಒಣದ್ರಾಕ್ಷಿಯಾಗುತ್ತದೆ. ಬೆಳೆದವನು, ಒಣಗಿಸುವವನು, ಶೈತ್ಯಾಗಾರದವನು, ದಲಾಲ, ದೂರದ ಕೊಳ್ಳುವವನು, ಹೀಗೆ ಒಂದು ಹಣ್ಣಿಗೆ ಎಷ್ಟೊಂದು ಕೈ! ಅವರೆಲ್ಲರ ನಡುವಣ ಕಟ್ಟಳೆ ಎಲ್ಲರಿಗೂ ಓದಲು ಬರುವಂತೆ ಬಯಲಲ್ಲಿ ನಿಂತಿದೆಯೆ? ಬೆಳೆದವನ ಹೆಸರೂ ಅದರಲ್ಲಿ ಇದೆಯೆ? ಐಹೊಳೆಯ ನೆರೆಯವರಾದ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.